ಮೂವತ್ತೆಂಟನೆಯ ಚೀಟಿ ನಿಮ್ಮ ಪಟ್ಟಿಯಲ್ಲಿದೆಯೇ?

ಮಾನ್ಯ ಸಮೀಕ್ಷಾ ಮುಖ್ಯಸ್ಥರೇ,

ಸುಮಾರು ಮೂರು ವರ್ಷಗಳ ಹಿಂದೆ ನಿಮ್ಮವರು ನಮ್ಮ ಉಸ್ತೈ ಕಣಿವೆಗೆ ಬಂದು ಅರವತ್ತೊಂದು ಮಂದಿಯ ರಕ್ತ ತೆಗೆದುಕೊಂಡು ರಾಜಧಾನಿಗೆ ಹೋದರು. ಅವರಲ್ಲಿ ಹತ್ತೊಂಬತ್ತು ಮಂದಿಯ ಯಕೃತ್ತನ್ನು ಹೆಪಟೈಟಿಸ್ ಸಿ ವೈರಾಣು ಸದ್ದಿಲ್ಲದೆ ತಿನ್ನುತ್ತಿದೆ ಎಂದು ನಿಮಗೆ ಗೊತ್ತಾಯಿತು; ನೀವೇ ಅಚ್ಚು ಹಾಕಿಸಿದ ವರದಿಯಲ್ಲಿ ಹಾಗಿದೆ. ಆ ಹತ್ತೊಂಬತ್ತು ಮಂದಿಗೆ ಮಾತ್ರ ಇವತ್ತಿಗೂ ಗೊತ್ತಿಲ್ಲ. ಇದೇ ನನ್ನ ದೂರು. ಎರಡು ಸಲ ಕಚೇರಿಗೆ ಬರೆದೆ. ಪತ್ರಿಕೆಯಲ್ಲಿ ಬಂದರೆ ಬೆಳಗಿನ ಚಹಾದ ಜೊತೆಗಾದರೂ ಓದುತ್ತೀರೇನೋ ಎಂದು ಈಗ ಇಲ್ಲಿ ಬರೆಯುತ್ತಿದ್ದೇನೆ.

ನಾನು ದೆಜಿಡ್. ಮೂವತ್ತಾರು ವರ್ಷ ಈ ಕಣಿವೆಯ ಆರೋಗ್ಯ ಸಹಾಯಕಿಯಾಗಿ ಕುದುರೆಯ ಮೇಲೆ ಗುಡಾರದಿಂದ ಗುಡಾರಕ್ಕೆ ತಿರುಗಿದವಳು. ಅವತ್ತು ಎಲ್ಲರನ್ನೂ ರಕ್ತ ಕೊಡಲು ಒಪ್ಪಿಸಿದವಳೂ ನಾನೇ. ನಿಮ್ಮವರು ಹೆಸರು ಬರೆದುಕೊಳ್ಳಲಿಲ್ಲ. ಒಬ್ಬೊಬ್ಬರಿಗೂ ಒಂದು ಸಂಖ್ಯೆಯ ಚೀಟಿ ಕೊಟ್ಟು, ಅದೇ ಸಂಖ್ಯೆಯನ್ನು ರಕ್ತದ ಶೀಶೆಗೂ ಅಂಟಿಸಿದರು. ಸರ್ಕಾರಿ ಮೊಹರಿರುವ ಕಾಗದವನ್ನು ನಮ್ಮವರು ಎಸೆಯುವವರಲ್ಲ. ಗುಡಾರದೊಳಗೆ ಬಣ್ಣದ ಪೆಟ್ಟಿಗೆಯ ಮೇಲೆ ಹಿರಿಯರ ಫೋಟೊಗಳಿರುತ್ತವಲ್ಲ, ಆ ಚೌಕಟ್ಟಿನ ಗಾಜಿನ ಹಿಂದೆ ಚೀಟಿಗಳು ಈಗಲೂ ಇವೆ.

ಹೋದ ವಸಂತದಲ್ಲಿ ಕುರಿ ಕಾಯುವ ಬಾಸಾನ್‌ಜಾವ್‌ನ ಕಣ್ಣು ಹಳದಿಯಾಗಿದ್ದು ಕಂಡು ಅವನ ಗುಡಾರಕ್ಕೆ ಹೋದೆ.

"ಪಟ್ಟಣಕ್ಕೆ ಹೋಗಿ ತೋರಿಸ್ಕೊಳೋ."

"ಅಯ್ಯೋ ಡಾಕ್ಟ್ರಕ್ಕ, ಮತ್ತೆ ಶುರು ಮಾಡಿದ್ರಾ? ಸರ್ಕಾರದವ್ರು ರಕ್ತ ನೋಡಿಲ್ವಾ? ಏನಾದ್ರೂ ಇದ್ದಿದ್ರೆ ಹೇಳ್ದೆ ಬಿಡ್ತಿದ್ರಾ? ಅಷ್ಟು ಕೆಟ್ಟವ್ರೇನಲ್ಲ ಅವ್ರು."

"ಎರಡು ವರ್ಷ ಆಯ್ತಲ್ಲೋ!"

"ಅದೇ ನಾನೂ ಹೇಳಿದ್ದು. ಎರಡು ವರ್ಷ ಯಾರೂ ಬಂದಿಲ್ಲ ಅಂದ್ರೆ ನಾನು ಗಟ್ಟಿ ಅಂತ. ಚಹಾ ಕುಡೀರಿ, ಆರೋಗುತ್ತೆ."

ಶರತ್ಕಾಲದಲ್ಲಿ ಬಾಸಾನ್‌ಜಾವ್ ತೀರಿಕೊಂಡ. ಯಕೃತ್ತಿನ ಕ್ಯಾನ್ಸರ್. ಅವನ ಹೆಂಡತಿ ಖಂಡ್‌ಸುರೇನ್ ಚೌಕಟ್ಟಿನಿಂದ ಮೂವತ್ತೇಳನೆಯ ಚೀಟಿ ತೆಗೆದು ನನ್ನ ಕೈಗಿಟ್ಟಳು. "ಅಕ್ಕ, ಈ ನಂಬರು ಅವ್ರ ಪಟ್ಟಿಲಿತ್ತಾ? ಅವತ್ತೇ ಗೊತ್ತಿತ್ತಾ ಅವ್ರಿಗೆ?" ನಾನೇನು ಹೇಳಲಿ ಮಾನ್ಯರೇ? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ನಿಮ್ಮ ಕಚೇರಿಯ ಉತ್ತರ ನನಗೆ ಬಾಯಿಪಾಠವಾಗಿದೆ: "ಜನಸಮುದಾಯದಲ್ಲಿ ಸೋಂಕಿನ ಪ್ರಮಾಣವನ್ನು ಅರಿಯುವುದಷ್ಟೇ ಸಮೀಕ್ಷೆಯ ಉದ್ದೇಶ. ವ್ಯಕ್ತಿಗಳ ಫಲಿತಾಂಶ ಗೋಪ್ಯ." ಯಾರಿಂದ ಗೋಪ್ಯ, ಸ್ವಾಮಿ? ಯಾರ ತೋಳಿನಿಂದ ರಕ್ತ ಹೋಯಿತೋ ಅವರಿಂದಲೇ? ಜನಸಮುದಾಯಕ್ಕೆ ಯಕೃತ್ತು ಇರುವುದಿಲ್ಲ. ಬಾಸಾನ್‌ಜಾವ್‌ಗೆ ಇತ್ತು. ಮೂರು ತಿಂಗಳು ಮಾತ್ರೆ ನುಂಗಿದರೆ ಹೋಗುವ ವೈರಾಣುವಂತೆ ಇದು. ಹಾಗೆಂದು ನಿಮ್ಮ ವರದಿಯ ಮುನ್ನುಡಿಯಲ್ಲೇ ಬಹಳ ಸಂತೋಷದಿಂದ ಬರೆದಿದ್ದೀರಿ.

ಅದೇ ವರದಿಯ ಏಳನೆಯ ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹತ್ತೊಂಬತ್ತು ಮಂದಿಯ ವೈರಾಣುಗಳನ್ನು ಅಣುಮಟ್ಟದ ಪರೀಕ್ಷೆಯಲ್ಲಿ ಹೋಲಿಸಿ ನೋಡಿದಿರಿ. ಎಲ್ಲವೂ ಒಂದೇ ವಂಶದವು, ನಲವತ್ತು ವರ್ಷಗಳ ಹಿಂದೆ "ಒಂದೇ ಮೂಲ"ದಿಂದ, ಬಹುಶಃ ಚುಚ್ಚುಮದ್ದಿನಿಂದ ಹರಡಿದವು ಎಂದಿರಿ. ಭೇಷ್! ನಲವತ್ತು ವರ್ಷ ಹಿಂದಕ್ಕೆ ಹೋಗಿ ನೋಡಿಬಂದವರಿಗೆ ಇನ್ನೂರು ಕಿಲೋಮೀಟರ್ ಬಂದು ಒಂದು ಮಾತು ಹೇಳಲು ಆಗಲಿಲ್ಲ.

ನಲವತ್ತು ವರ್ಷಗಳ ಹಿಂದಿನ ಆ ಚಳಿಗಾಲ ನನಗೆ ಇಪ್ಪತ್ತೆರಡು. ಕಣಿವೆಯ ಮಕ್ಕಳಿಗೆಲ್ಲ ನ್ಯುಮೋನಿಯಾ. ನನ್ನ ಬಳಿ ಇದ್ದದ್ದು ಗಾಜಿನ ಎರಡು ಸಿರಿಂಜು, ಒಂದು ಡಬ್ಬಿ ಸೂಜಿ. ಹಿಮ ಬಿದ್ದು ಬೆರಣಿಯೆಲ್ಲ ಒದ್ದೆ. ಒಂದೊಂದು ಗುಡಾರದಲ್ಲೂ ಸಿರಿಂಜು ಕುದಿಸಲು ನೀರು ಕಾಯಲೆಂದು ಕೂತರೆ ಮುಂದಿನ ಗುಡಾರದ ಮಗು ಕೈತಪ್ಪುತ್ತಿತ್ತು. ಸೂಜಿ ಬದಲಾಯಿಸಿದೆ, ಸಿರಿಂಜು ಬದಲಾಯಿಸಲಿಲ್ಲ. ಅಷ್ಟು ಸಾಕೆಂದೇ ನಮಗೆ ಕಲಿಸಿದ್ದರು. ಬಾಸಾನ್‌ಜಾವ್‌ಗೆ ಆಗ ಆರು ವರ್ಷ, ಅವನ ತಮ್ಮ ಯೊಂದೊನ್‌ಗೆ ಮೂರು. ಒಂದೇ ಹಾಸಿಗೆಯಲ್ಲಿ ಮಲಗಿದ್ದ ಇಬ್ಬರಿಗೂ ಒಂದರ ಹಿಂದೆ ಒಂದು ಚುಚ್ಚಿದೆ.

ಅಣ್ಣನನ್ನು ಮಣ್ಣು ಮಾಡಿದ ಮೇಲೆ ಯೊಂದೊನ್‌ನ ಹತ್ತಿರ ಹೋಗಿ ಇದನ್ನೆಲ್ಲ ಹೇಳಿಕೊಂಡೆ. ಬಯ್ಯಲಿ, ಹೊಡೆಯಲಿ, ಆದರೆ ಪಟ್ಟಣಕ್ಕೆ ಹೋಗಲಿ ಎಂದು. ಅವನು ನಶ್ಯದ ಡಬ್ಬಿ ಮುಂದೆ ಹಿಡಿದು ನಕ್ಕ. "ನೀವು ಅವತ್ತು ಚುಚ್ಚದೆ ಇದ್ದಿದ್ರೆ ನಾನಿಲ್ಲಿ ಕೂತಿರ್ತಿದ್ನಾ? ಹೋಗಿ ಅಕ್ಕ, ವಯಸ್ಸಾಯ್ತು ನಿಮ್ಗೆ. ನಂಗೇನಾದ್ರೂ ಇದ್ದಿದ್ರೆ ಅವ್ರು ಹೇಳಿರೋರು." ಅವನ ಹೆಂಡತಿ ಬಾಗಿಲವರೆಗೆ ಬಂದು, ಈಚೆಗೆ ಮಾಂಸದ ವಾಸನೆಯೇ ಅವನಿಗೆ ಸೇರುತ್ತಿಲ್ಲ ಎಂದಳು. ಯಕೃತ್ತು ಕೆಟ್ಟವರಿಗೂ ಹಾಗೆಯೇ ಆಗುತ್ತದೆ. ಉಳಿದವರದ್ದೂ ಇದೇ ಮಾತು. ನಿಮ್ಮ ಮೌನವನ್ನೇ ಆರೋಗ್ಯದ ಸರ್ಟಿಫಿಕೇಟು ಮಾಡಿಕೊಂಡು ಎಲ್ಲರೂ ನೆಮ್ಮದಿಯಾಗಿದ್ದಾರೆ. ನನ್ನ ಮಾತು ನಡೆಯುತ್ತಿಲ್ಲ, ನನಗೆ ಬೇರೆ ದಾರಿಯೂ ಕಾಣುತ್ತಿಲ್ಲ.

ಹೆಸರು ಕೇಳುತ್ತಿಲ್ಲ, ಕ್ಷಮೆಯನ್ನೂ ಕೇಳುತ್ತಿಲ್ಲ. ಬೆಳಿಗ್ಗೆ ರೇಡಿಯೊದಲ್ಲಿ ಹವಾಮಾನದ ಸುದ್ದಿಯ ಹಿಂದೆಯೇ ಆ ಹತ್ತೊಂಬತ್ತು ಸಂಖ್ಯೆಗಳನ್ನು ಓದಿಸಿ. ಎಲ್ಲ ಗುಡಾರಗಳಲ್ಲೂ ಆ ಹೊತ್ತಿಗೆ ಕಿವಿ ಅಲ್ಲೇ ಇರುತ್ತದೆ. ಯಾರ ಚೀಟಿ ಎಂದು ಅವರವರಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಅದೂ ಆಗದಿದ್ದರೆ ಯೊಂದೊನ್‌ನ ಮೂವತ್ತೆಂಟು ಒಂದನ್ನಾದರೂ ಹೇಳಿ. ಇದೆಯೋ, ಇಲ್ಲವೋ?

ಇಂತಿ,
ಉತ್ತರ ಬರುವ ನಂಬಿಕೆಯಿಲ್ಲದೆಯೂ ಕಾಯುತ್ತಿರುವ,
ನಿಮ್ಮ ಏಳನೆಯ ಪುಟದ "ಒಂದೇ ಮೂಲ",
ದೆಜಿಡ್