ಸಿಲೆಬಸ್ಸಿನ ಹೊರಗಿದ್ದ ಮೊಲ

ಪುಂಜಾಲಕಟ್ಟೆ
೯-೧೧-೨೦೨೫

ನಾಸಿರಾ,

ಹಾಗಲ್ಲ, ಆ ಮೊಲದ ಕತೆ ಅಷ್ಟು ಚಂದ ಬಾಯಿಪಾಠ ಇದ್ದವನು ನನ್ನ ಹೆಂಡತಿ ಕಾಂತಿ ಬದುಕಿದ್ದಾಗ ಯಾಕೆ ಹೇಳಲಿಲ್ಲ? ನಿನ್ನೆ ಪುತ್ತಿಗೆಯಲ್ಲಿ, ನಿನ್ನ ಜಗಲಿಯಲ್ಲಿ, ನನ್ನ ಮಗಳು ದೀಕ್ಷಿತಾಳ ಎದುರೇ ಕೇಳಿದೆ. “ಅದು ಸಿಲೆಬಸ್ಸಲ್ಲಿ ಇರ್ಲಿಲ್ಲ ಮಾರಾಯ” ಅಂದೆ ನೀನು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಬಿ.ಎ.ಯಲ್ಲಿ ಒಂದೇ ಬೆಂಚಲ್ಲಿ ಕೂತು ಸೈಕಾಲಜಿ ಓದಿದವರು ನಾವು. ನನಗೆ ಉಳಿದದ್ದು ನಾಯಿ, ಗಂಟೆ, ಜೊಲ್ಲು. ಸ್ಟಿಮ್ಯುಲಸ್ಸು, ಮತ್ತೆ ಎಂಥದ್ದೋ ರೆಸ್ಪಾನ್ಸು. ನೀನು ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವನು. ನಿನ್ನ ಮೊಮ್ಮಗಳು ಆಫ್ರಾ ಈಗ ಅದನ್ನೇ ಕಲಿಯುತ್ತಿದ್ದಾಳೆಂಬ ಹೆಮ್ಮೆಯಲ್ಲಿ ಇಡೀ ಇತಿಹಾಸ ಬಿಚ್ಚಿದೆ. ೧೯೨೪ರಲ್ಲೇ ಅಮೆರಿಕದ ಒಬ್ಬಾಕೆ, ಮೊಲ ಕಂಡರೆ ಹೆದರುವ ಮಗುವಿಗೆ ತಿಂಡಿ ತಿನ್ನಿಸುತ್ತಾ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಹೆದರಿಕೆ ಬಿಡಿಸಿದಳಂತೆ. ಅರವತ್ತರ ದಶಕದಲ್ಲಿ ಒಬ್ಬ ಡಾಕ್ಟರು, ತಲೆಯಲ್ಲಿ ತಾನಾಗಿ ಏಳುವ ಯೋಚನೆಗೆ ಎವಿಡೆನ್ಸ್ ಏನುಂಟೆಂದು ರೋಗಿಯೇ ಕೇಳಿಕೊಳ್ಳಲು ಕಲಿಸಿದನಂತೆ. ಆಮೇಲೆ ಎರಡೂ ಸೇರಿ ಕಾಗ್ನಿಟಿವ್ ಬಿಹೇವಿಯರ್ ಏನೋ ಆಯಿತು. ಕಾಂತಿಗೆ ಬಸ್ಸಿನಲ್ಲಿ ಹೆದರಿಕೆಯಿಂದ ಮೊದಲ ಸಲ ಉಸಿರು ಕಟ್ಟಿದ್ದು ತೊಂಬತ್ತಮೂರರಲ್ಲಿ, ನಾಸಿರಾ! ಮದ್ದು ಅಷ್ಟರಲ್ಲಿ ಹಳತಾಗಿತ್ತು.

ನಾವು ಮಾಡಿದ್ದೇನು? ಮಂತ್ರಿಸಿದ ನೂಲು ಕಟ್ಟಿಸಿದೆವು, ಮಾತ್ರೆ ನುಂಗಿಸಿದೆವು. ಒಂದು ದಿನ ನಾನು ರಟ್ಟೆ ಹಿಡಿದೆಳೆದು ಬೆಳ್ತಂಗಡಿ ಬಸ್ಸಿಗೆ ಹತ್ತಿಸಿದೆ. “ಬೇಗ ಅಕ್ಕಾ, ನಾಟಕ ನೋಡ್ಲಿಕ್ಕೆ ಟೈಮಿಲ್ಲ” ಅಂದ ಕಂಡಕ್ಟರ್. ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಅಲ್ಲಿಂದ ಸಾಯುವವರೆಗೆ ಅವಳು ಬಸ್ಸು ಹತ್ತಲಿಲ್ಲ. ಕಾರು ತಂದರೂ ಹತ್ತಲಿಲ್ಲ. ದೀಕ್ಷಿತಾಳ ಮದುವೆ ಇಲ್ಲೇ ಹತ್ತಿರ, ಮೂಡುಬಿದಿರೆಯಲ್ಲಿ; ಅದಕ್ಕೂ ಅವಳು ಬರಲಿಲ್ಲ. ಧಾರೆ ಎರೆಯುವಾಗ ನನ್ನ ಪಕ್ಕ ನಿಂತದ್ದು ನನ್ನ ಅಕ್ಕ.

“ಡಾಕ್ಟರ ಎದುರು ಹನ್ನೆರಡು ಹದಿನೈದು ಸಲ ಕೂತ್ರೆ ಸುಮಾರು ಜನ ಗುಣ ಆಗ್ತಾರೆ ಅಜ್ಜ” ಅಂದಳು ಆಫ್ರಾ. ಹದಿನೈದು ಸಲ! ನೀನು ನನ್ನ ಮನೆಯಲ್ಲಿ ಎಷ್ಟು ಹದಿನೈದು ಸಲ ಊಟ ಮಾಡಿದ್ದಿ?

ಬಯ್ಯಲಿಕ್ಕೆ ಇನ್ನೂ ಉಂಟು. ಆದರೆ ಬೆಳಕು ಹೋಗುತ್ತಾ ಬಂತು, ನಾನು ಬರೆದದ್ದು ನನಗೇ ಕಾಣುವುದಿಲ್ಲ.

ನಿನ್ನ ಬೆಂಚಿನವ,
ಶೀನಪ್ಪ

ಬರೆಯದೆ ಬಿಟ್ಟದ್ದು: ತೊಂಬತ್ತನಾಲ್ಕರಲ್ಲಿ ನೀನು ಬಂದು, “ಇವತ್ತು ಗೇಟಿನವರೆಗೆ ಹೋಗುವ ಕಾಂತಿಯಕ್ಕ, ನಾಳೆ ಕಟ್ಟೆವರೆಗೆ” ಎಂದು ನಾಲ್ಕು ದಿನ ಅವಳನ್ನು ನಡೆಸಿದ್ದೆ. ಊರವರು ಏನಾದರೂ ಹೇಳುತ್ತಾರೆಂದು ಐದನೆಯ ದಿನ ನಿನ್ನನ್ನು ಬರಬೇಡ ಅಂದವನು ನಾನು. ನಿನ್ನೆ ಆ ಒಂದು ಮಾತು ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಮಗಳ ಎದುರು ಯಾಕೆ ಹೇಳಲಿಲ್ಲ ಮಾರಾಯ?