ಅಕ್ಷರ ತೆಗೆದು ನೋಡಿದ ಕೊನೆಯ ಕಂತು

ನಿಪ್ಪಾಣಿ,
ಸೋಮವಾರ, ನಸುಕು

ಮುನಿದುಕೊಂಡ ಸ್ನೇಹಲಳಿಗೆ, ಸೋತು ಗೆದ್ದ ನೀಲಮಳ ನೆನಪುಗಳು.

ಗಂಟೆ ಮೂರು ಹತ್ತು. ಅತ್ತೆ ಬೀಡಿ ಎಲೆ ಕತ್ತರಿಸುವ ಕರಕ್ ಕರಕ್ ಸದ್ದಿಗೆ ಎಚ್ಚರವಾಯಿತು. ಎದ್ದವಳೇ ಸಂಗ್ರಾಮನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದೆ. ನಗಬೇಡ. ಮಗನಿಗೆ ಹದಿನಾಲ್ಕು ತಿಂಗಳಾದರೂ ಈ ಚಟ ಹೋಗಿಲ್ಲ. ಮಿರಜದ ಆಸ್ಪತ್ರೆಯಲ್ಲಿ ನಿನಗೆ ಈ ವಾರ ರಾತ್ರಿ ಪಾಳಿ ಎಂದು ನಿನ್ನ ತಂಗಿ ಹೇಳಿದಳು. ಎಚ್ಚರವಾಗಿರುತ್ತೀ ಎಂಬ ಧೈರ್ಯದಿಂದ ಕಾಗದದ ಮೇಲೆ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ.

ನಾವು ಮಾತು ಬಿಟ್ಟು ಹನ್ನೊಂದು ತಿಂಗಳು. ಒಂದು ಅನಿಮೆಯ, ಜಪಾನಿ ಕಾರ್ಟೂನ್ ಧಾರಾವಾಹಿಯ, ಕೊನೆಯ ಕಂತಿಗಾಗಿ ಎಂದರೆ ಯಾರೂ ನಂಬಲಾರರು. ‘ಉಪ್ಪುಗಾಳಿಯ ದೀಪ’ದಲ್ಲಿ ಮಗಳು ಓದಲೆಂದು ದೋಣಿ ಹತ್ತುತ್ತಾಳೆ; ದೀಪಸ್ತಂಭ ಕಾಯುವ ತಾಯಿ ಬೀಳ್ಕೊಡಲು ದಂಡೆಗೂ ಇಳಿಯುವುದಿಲ್ಲ. ಇದಕ್ಕಿಂತ ಒಳ್ಳೆಯ ಮುಕ್ತಾಯವಿಲ್ಲ ಎಂದೆ ನೀನು. ನಾನು ಆಗ ಮೂರು ತಿಂಗಳ ಬಾಣಂತಿ. ಇವಳು ಕಲ್ಲು, ಕಥೆ ಬರೆದವರಿಗೆ ಮಕ್ಕಳಿಲ್ಲ ಎಂದು ನಮ್ಮ ಅನಿಮೆ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಮಾರುದ್ದ ಬರೆದೆ. “ನೀಲಮ, ಅಳೂದ ಬ್ಯಾರೆ, ಅಭಿಪ್ರಾಯ ಬ್ಯಾರೆ” ಎಂದು ನೀನು ಉತ್ತರಿಸಿದೆ. ಎಲ್ಲರೂ ನಗುವ ಮುಖ ಒತ್ತಿದರು. ಆ ರಾತ್ರಿಯೇ ನೀನು ಗುಂಪಿನಲ್ಲಿ ಇಲ್ಲವಾದೆ. ನಿನ್ನ ಮಾತು ಮಾತ್ರ ನನ್ನೊಳಗೆ ಕೂತಿತು. ತಾಯಿಯಾದ ಮೇಲೆ ನನ್ನ ಬುದ್ಧಿಯೂ ಹಾಲಿನ ಜೊತೆ ಹರಿದುಹೋಯಿತೇನು?

ಕಳೆದ ತಿಂಗಳು ನಾನು ಅದನ್ನೇ ಮತ್ತೆ ಮೊದಲಿನಿಂದ ನೋಡುತ್ತಿದ್ದಾಗ ಅತ್ತೆ ಬೀಡಿ ಸುತ್ತುತ್ತ, “ಒಬ್ಬಾಕಿನ ಏನ್ ನೋಡಾಕತ್ತಿ? ನನಗೂ ಹೇಳವ್ವಾ” ಎಂದರು. ಅವರಿಗೆ ಇಂಗ್ಲಿಷ್ ಓದಲು ಬಾರದು. ಪರದೆಯ ಕೆಳಗೆ ಬರುವ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಕೊನೆಯ ಕಂತಿಗೆ ಬಂದಾಗ, ಮಗಳನ್ನು ಬೀಳ್ಕೊಡದ ತಾಯಿಯ ಬಗ್ಗೆ ಇದ್ದದ್ದನ್ನು ಹೇಳಲು ಮನಸ್ಸಾಗಲಿಲ್ಲ. ತಾಯಿಗೆ ಜ್ವರ, ಅದಕ್ಕೇ ಬರಲಿಲ್ಲ ಎಂದು ಸುಳ್ಳು ಹೇಳಿದೆ.

ಅತ್ತೆಯ ಕೈ ನಿಂತಿತು. “ಸುಳ್ಳ ಯಾಕ ಹೇಳ್ತಿಯವ್ವಾ? ಜ್ವರ ಬಂದಾಕಿ ದೀಪದ ಗಾಜ ಒರಸ್ತಾಳೇನು? ಆಕಿ ಕೈ ನೋಡ. ಹೊರಗ ಮಂಜ ಬಿದ್ದೈತಿ. ಆಕಿ ಕೆಳಗ ಇಳದ್ರ ಮಗಳ ದೋಣಿಗೆ ದಾರಿ ಯಾರ ತೋರಸ್ಬೇಕು?”

ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ ಸ್ನೇಹಲಾ. ಕೈ ಇದೆ, ಬಟ್ಟೆ ಇದೆ, ಮಂಜಿದೆ. ಆ ತಾಯಿ ದುಃಖ ನುಂಗಿದಳು ಎಂದು ನೀನು ಅಂದುಕೊಂಡೆ, ಅವಳು ಕಲ್ಲು ಎಂದು ನಾನು. ಇಬ್ಬರೂ ಕೆಳಗಿನ ಅಕ್ಷರ ಓದುತ್ತಿದ್ದೆವು, ಮೇಲಿನ ಚಿತ್ರ ನೋಡಿರಲೇ ಇಲ್ಲ!

ನಿನ್ನೆ ಝೆರಾಕ್ಸ್ ಅಂಗಡಿಯ ಮೇಲಿನ ದೊಡ್ಡ ಕೋಣೆಯಲ್ಲಿ ಗುಂಪಿನವರೆಲ್ಲ ಸೇರಿದ್ದೆವು. ನಾವು ನೋಡಿದವುಗಳಲ್ಲಿ ಯಾವುದರ ಮುಕ್ತಾಯ ಶ್ರೇಷ್ಠ ಎಂದು ಕೈ ಎತ್ತುವುದಿತ್ತು. ಕಂಕುಳಲ್ಲಿ ಮಗ, ಪಕ್ಕದಲ್ಲಿ ಅತ್ತೆ. ಸಭೆ ನಡೆಸುವ ಕಾಲೇಜು ಹುಡುಗ ವಿಕ್ರಾಂತ, “ಅಕ್ಕಾರ, ಸೀರಿಯಲ್ ನೋಡೂ ಹೆಣ್ಮಕ್ಕಳ ಗುಂಪ ಬ್ಯಾರೆ ಐತ್ರಿ” ಎಂದ. ಕೋಣೆ ತುಂಬ ನಗೆ. ಮಗನನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡೆ. ‘ಉಪ್ಪುಗಾಳಿಯ ದೀಪ’ದ ಕೊನೆಯ ನಾಲ್ಕು ನಿಮಿಷ ಹಾಕು, ಕೆಳಗಿನ ಅಕ್ಷರ ತೆಗೆದುಬಿಡು ಎಂದೆ. ಆಮೇಲೆ ಅತ್ತೆ ಹೇಳಿದ್ದನ್ನೇ ಹೇಳಿದೆ. ಸ್ನೇಹಲ ಇದನ್ನು ಶ್ರೇಷ್ಠ ಎಂದಾಗ ನಾನು ಜಗಳ ಆಡಿದೆ, ಸರಿ ಇದ್ದವಳು ಅವಳು ಎಂದೂ ಎಲ್ಲರ ಮುಂದೆ ಹೇಳಿದೆ. ಆಮೇಲೆ ಕೈಗಳು ಎದ್ದವು ನೋಡು: ಮೂವತ್ತೇಳರಲ್ಲಿ ಮೂವತ್ತಮೂರು! ವಿಕ್ರಾಂತನದೂ ಒಂದು.

ಅವನು ಅತ್ತೆಯ ಕಾಲ ಬಳಿ ಕೂತು, ಹೊಡೆದಾಟದ ಅನಿಮೆಗಳ ಬಗ್ಗೆ ಏನಂತೀರಿ ಎಂದು ಕೇಳಿದ. “ಆ ಹುಡ್ರು ಮೂರ ದಿನ ಒದರತಾವು, ಒಂದ ಗುದ್ದ ಹಾಕೂದಿಲ್ಲ. ಅಷ್ಟರಾಗ ನಾ ಸಾವಿರ ಬೀಡಿ ಸುತ್ತೇನಿ” ಎಂದರು. ಶಿಳ್ಳೆಯೋ ಶಿಳ್ಳೆ! ಸಂಗ್ರಾಮ ಬೆಚ್ಚಿ ಅತ್ತ. ಅಳುವ ಮಗನನ್ನು ಎತ್ತಿಕೊಂಡು ನಾನು ನಗುತ್ತ ನಿಂತೆ. ಅಳುವುದೂ ಅಭಿಪ್ರಾಯವೂ ಒಂದೇ ತಲೆಯಲ್ಲಿ ಇರಬಹುದು ಕಣೇ.

ಗೆದ್ದ ಸುದ್ದಿಯನ್ನು ಮೊದಲು ಹೇಳಬೇಕೆನಿಸಿದ್ದು ನಿನಗೇ.

ನಿನ್ನವಳೇ ಆದ,
ನೀಲಮ

ತಾ.ಕ.: ನಿನ್ನನ್ನು ಗುಂಪಿನಿಂದ ತೆಗೆದವನು ವಿಕ್ರಾಂತ ಎಂದು ನಿನ್ನ ತಂಗಿಗೆ ಹೇಳಿದ್ದೆ. ಸುಳ್ಳು. ಗುಂಪಿನ ಹೆಸರಿನ ಅಡ್ಮಿನ್ ನಂಬರ್ ಅವನ ಫೋನಿನಲ್ಲೂ ನನ್ನ ಫೋನಿನಲ್ಲೂ ಇತ್ತಲ್ಲ; ಅದರಿಂದ ತೆಗೆದವಳು ನಾನು, ಮಗುವಿಗೆ ಹಾಲೂಡಿಸುತ್ತಾ, ಒಂದೇ ಬೆರಳಿನಿಂದ. ನಿನ್ನೆ ಕೈ ಎತ್ತಿದವರಿಗೂ ಇದು ಗೊತ್ತಿಲ್ಲ. ಬೆಳಕು ಹರಿದರೆ ನನ್ನ ಧೈರ್ಯ ಕರಗುತ್ತದೆ, ಈ ಫೋಟೋಗಳನ್ನೆಲ್ಲ ಅಳಿಸಿಬಿಡುತ್ತೇನೆ. ಬೈಯಲಿಕ್ಕಾದರೂ ಸರಿ, ಕೈ ಮುಗಿಯುತ್ತೇನೆ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡೇ.