ಹಿಮದ ಮೇಲೆ ಕೋಸಿನ ದಿಬ್ಬಣ

ಪ್ರೀತಿಯ ಅಕ್ಕ,

ಚಳಿಗಾಲದಲ್ಲೂ ಸಂತೆ ನಡೆಸುತ್ತೇನೆ ಎಂದಾಗ ನಕ್ಕಿದ್ದೆಯಲ್ಲ, ಕೇಳು. ಶನಿವಾರ ನಮ್ಮ ಬೀದಿಯ ಸಾವಯವ ಸಂತೆಗೆ ಮೇಜು ಜೋಡಿಸುತ್ತಿದ್ದೆ. ಕೋಸು ಬೆಳೆಯುವ ಅಜ್ಜನ ವ್ಯಾನು ದೊಡ್ಡ ತಿರುವಿನಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತು. "ಇವತ್ತು ನನ್ನ ಬಿಟ್ಬಿಡಮ್ಮ" ಎಂದು ಫೋನ್ ಮಾಡಿದರು. "ಅಲ್ಲೇ ಇರಿ ಅಜ್ಜ, ನಾವೇ ಬರ್ತೀವಿ" ಎಂದೆ. ಚೀಲ ಹಿಡಿದು ನಿಂತಿದ್ದ ಗಿರಾಕಿಗಳಿಗೆ ವಿಷಯ ಹೇಳಿದ್ದೇ ತಡ, ಮನೆಗೆ ಹೋಗಿ ಮಕ್ಕಳು ಹಿಮದಲ್ಲಿ ಆಡುವ ಜಾರುಬಂಡಿಗಳನ್ನು ಎಳೆದುತಂದರು. ಹಲ್ಲಿನ ಡಾಕ್ಟರಮ್ಮ ಹಗ್ಗ ಹಿಡಿದು ಮುಂದೆ, ನಿವೃತ್ತ ಬಸ್ ಡ್ರೈವರ್ ನೂಕುತ್ತ ಹಿಂದೆ. ವ್ಯಾನಿನಿಂದ ಜಾರುಬಂಡಿಗೇರಿ ಕಂಬಳಿ ಹೊದ್ದ ಕೋಸುಗಳು ದಿಬ್ಬಣ ಹೊರಟಂತೆ ಬೀದಿಗೆ ಬಂದವು. ಮಧ್ಯಾಹ್ನದೊಳಗೆ ಮೇಜು ಖಾಲಿ.

ನನ್ನ ಕೆಮ್ಮು ವಾಸಿಯಾಗಿದೆ. ಬೆರಳ ತುದಿ ಮಾತ್ರ ಬಿರಿದಿದೆ, ಉಣ್ಣೆಯ ಕೈಗವಸು ಇನ್ನೊಂದು ಜೊತೆ ಹೆಣೆದು ಕಳಿಸು.

ಅವತ್ತು ಸಂತೆ ಮುಗಿಸಿ ಹೊರಡುವಾಗ ಅಜ್ಜ ತಲೆ ಕೆರೆದುಕೊಂಡು, "ಇನ್ನು ಬೇಸಿಗೆವರೆಗೂ ಬರಲ್ಲ ಅಂತ ಹೇಳೋಕೇ ಹೊರಟಿದ್ದೆ ಕಣಮ್ಮ. ಈಗ ಯಾವ ಬಾಯಲ್ಲಿ ಹೇಳ್ಲಿ?" ಎಂದರು.

"ಹೇಳ್ಬೇಡಿ ಬಿಡಿ. ಮುಂದಿನ ವಾರ ಮೂಲಂಗಿನೂ ತನ್ನಿ" ಎಂದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ